ವಾಷಿಂಗ್ಟನ್ ಎಂಬ ಮನೆತನದ ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ವಾಷಿಂಗ್ಟನ್ ಎಂದ ಕೂಡಲೇ ನಮಗೆ ಅಮೆರಿಕದ ರಾಜಧಾನಿ ನೆನಪಾಗುತ್ತದೆ, ಆಮೇಲೆ ಜಾರ್ಜ್ ವಾಷಿಂಗ್ಟನ್. ಆದರೆ ಈ ಹೆಸರು ಹುಟ್ಟಿದ್ದು ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರಿನಲ್ಲಿ. ಎಂಟು ನೂರು ವರ್ಷಗಳಲ್ಲಿ ಅದು ಡರ್ಹಮ್‌ನಿಂದ ಲ್ಯಾಂಕಷೈರ್‌ಗೆ, ಅಲ್ಲಿಂದ ನಾರ್ಥಾಂಪ್ಟನ್‌ಷೈರ್‌ಗೆ, ವರ್ಜೀನಿಯಾಕ್ಕೆ, ಕೊನೆಗೆ ಆಫ್ರಿಕಾದ ಕರಾವಳಿಯವರೆಗೂ ಹೋಯಿತು. ಈ ದಾರಿಯುದ್ದಕ್ಕೂ ಹೆಸರು ರಕ್ತದ ಹಿಂದೆ ಹೋಗಿದ್ದಕ್ಕಿಂತ ನೆಲದ ಹಿಂದೆ ಹೋಗಿದ್ದೇ ಜಾಸ್ತಿ. ಕೆಳಗಿನ ಉತ್ತರಗಳನ್ನು ಓದುವಾಗ ಇದೊಂದು ಗಮನದಲ್ಲಿರಲಿ.

ಇದು ಮೊದಲು ವ್ಯಕ್ತಿಯ ಹೆಸರೋ, ಊರಿನ ಹೆಸರೋ?

ಊರಿನ ಹೆಸರು. ಆ ಊರು ಈಗಲೂ ಇದೆ. ಹಿಂದೆ ಡರ್ಹಮ್ ಕೌಂಟಿಯಲ್ಲಿತ್ತು, ಈಗ ಸಂಡರ್‌ಲ್ಯಾಂಡ್ ನಗರದ ಆಡಳಿತಕ್ಕೆ ಸೇರಿದೆ. ಹಳೆಯ ಬರಹಗಳಲ್ಲಿ ಅದು ವೆಸ್ಸಿಂಗ್ಟನ್. ಹ್ವಾಸ್ಸ ಎಂಬ ಹಳೆಯ ಆಂಗ್ಲೋ-ಸ್ಯಾಕ್ಸನ್ ಹೆಸರಿನವನ ಕಡೆಯವರು ಉಳುಮೆ ಮಾಡಿಕೊಂಡಿದ್ದ ಜಾಗ ಎಂದು ವಿದ್ವಾಂಸರು ಸಾಮಾನ್ಯವಾಗಿ ಬಿಡಿಸುತ್ತಾರೆ. ಬಟ್ಟೆ ಒಗೆಯುವುದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ.

ಊರಿನ ಹೆಸರನ್ನು ಮನುಷ್ಯ ಹೊತ್ತು ತಿರುಗುವುದು ನಮಗೇನೂ ಹೊಸದಲ್ಲ. ಸಿದ್ದವನಹಳ್ಳಿ ನಿಜಲಿಂಗಪ್ಪನವರ 'ಎಸ್' ಇದ್ದ ಹಾಗೆಯೇ ಇದು. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಊರು ಇನಿಶಿಯಲ್ ಆಗಿ ಮುಂದೆ ನಿಂತಿತು, ಇಂಗ್ಲೆಂಡಿನಲ್ಲಿ ಬಾಲವಾಗಿ ಹಿಂದೆ ಅಂಟಿಕೊಂಡಿತು, ಮಕ್ಕಳು ಮೊಮ್ಮಕ್ಕಳಿಗೂ ಬಿಡಲಿಲ್ಲ.

ಇದನ್ನು ಮೊದಲು ಇಟ್ಟುಕೊಂಡವರು ಯಾರು?

ವಿಲಿಯಂ ಎಂಬ ಜಮೀನುದಾರ. ತಮಾಷೆಯೆಂದರೆ ಅವನಿಗೆ ಆಗಲೇ ಬೇರೊಂದು ಊರಿನ ಹೆಸರಿತ್ತು. ಅವನು ವಿಲಿಯಂ ಡಿ ಹರ್ಟ್‌ಬರ್ನ್, ಅಂದರೆ ಹರ್ಟ್‌ಬರ್ನ್ ಊರಿನವನು. 1183ರಲ್ಲಿ ಡರ್ಹಮ್‌ನ ಬಿಷಪ್ ಹ್ಯೂ ತನ್ನ ಜಮೀನುಗಳ ಲೆಕ್ಕ ಬರೆಸಿದ. ಬೋಲ್ಡನ್ ಬುಕ್ ಎಂದು ಕರೆಯುವ ಆ ಲೆಕ್ಕದ ಪುಸ್ತಕದಲ್ಲಿ, ವಿಲಿಯಂ ಹರ್ಟ್‌ಬರ್ನ್ ಊರನ್ನು ಬಿಟ್ಟುಕೊಟ್ಟು ಅದರ ಬದಲಿಗೆ ವೆಸ್ಸಿಂಗ್ಟನ್ ಪಡೆದಿದ್ದಾನೆ ಎಂದಿದೆ. ಚರ್ಚು ಮತ್ತು ಚರ್ಚಿನ ನೆಲ ಮಾತ್ರ ಅವನಿಗಿಲ್ಲ. ವರ್ಷಕ್ಕೆ 4 ಪೌಂಡ್ ಕೊಡಬೇಕು. ಬಿಷಪ್ ದೊಡ್ಡ ಬೇಟೆಗೆ ಹೊರಟರೆ 4 ಗ್ರೇಹೌಂಡ್ ನಾಯಿಗಳ ಜೊತೆ ಹಾಜರಾಗಬೇಕು.

ನೆಲ ಬದಲಾಯಿತು, ಹೆಸರೂ ಬದಲಾಯಿತು. ವಿಲಿಯಂ ಡಿ ವೆಸ್ಸಿಂಗ್ಟನ್ ಆದ. ಈ ಅದಲುಬದಲು ನಡೆಯದಿದ್ದರೆ ಅಮೆರಿಕದ ರಾಜಧಾನಿಯ ಹೆಸರು ಹಾರ್ಟ್‌ಬರ್ನ್ ಆಗಿರುತ್ತಿತ್ತು ಎಂದು ಇಂಗ್ಲೆಂಡಿನವರು ಇವತ್ತಿಗೂ ನಗುತ್ತಾರೆ. ಅವರ ಭಾಷೆಯಲ್ಲಿ ಅದು ಎದೆಯುರಿ ಅಲ್ವಾ!

ವಾಷಿಂಗ್ಟನ್ ಹೆಸರಿನವರೆಲ್ಲ ಆ ವಿಲಿಯಂನ ವಂಶದವರೇ?

ಅಲ್ಲ. ದಕ್ಷಿಣದ ಪಶ್ಚಿಮ ಸಸೆಕ್ಸ್‌ನಲ್ಲೂ ವಾಷಿಂಗ್ಟನ್ ಎಂಬ ಹಳ್ಳಿಯಿದೆ. ಅಲ್ಲಿಂದ ಹೊರಗೆ ಹೋದವರಿಗೂ ಅದೇ ಹೆಸರು ಅಂಟುವುದು ಸಹಜ. ಊರಿನಿಂದ ಬಂದ ಯಾವ ಹೆಸರಿಗೂ ಇದೇ ಕಥೆ. ಒಂದೇ ಹೆಸರಿದ್ದ ಮಾತ್ರಕ್ಕೆ ನೆಂಟರಾಗುವುದಿಲ್ಲ.

ಡರ್ಹಮ್‌ನ ಮೂಲ ಮನೆತನ ಏನಾಯಿತು?

ಹಿರಿಯ ಗಂಡು ಶಾಖೆ ಸುಮಾರು 1400ರ ಹೊತ್ತಿಗೆ ಮುಗಿಯಿತು. ಜಮೀನು ಹೆಣ್ಣುಮಕ್ಕಳ ಮೂಲಕ ಬೇರೆ ಮನೆತನಗಳಿಗೆ ಹೋಯಿತು. ಆದರೆ ಅದೇ ಊರಿನ ಹೆಸರು ಹೊತ್ತ ಸನ್ಯಾಸಿಯೊಬ್ಬ ಇದಾದ ಮೇಲೇ ಹೆಸರು ಮಾಡಿದ. ಜಾನ್ ವೆಸ್ಸಿಂಗ್ಟನ್ 1416ರಿಂದ 1446ರವರೆಗೆ ಡರ್ಹಮ್ ಕ್ಯಾಥೆಡ್ರಲ್ ಮಠದ ಮುಖ್ಯಸ್ಥನಾಗಿದ್ದ.

ಊರಿನಲ್ಲಿರುವ ವಾಷಿಂಗ್ಟನ್ ಓಲ್ಡ್ ಹಾಲ್ ನೋಡಲು ಹೋಗುವವರಿಗೆ ಒಂದು ಮಾತು. ಈಗ ಕಾಣುವ ಮನೆಯಲ್ಲಿ ಹೆಚ್ಚಿನ ಭಾಗ 17ನೇ ಶತಮಾನದ್ದು, ಅಂದರೆ ಮನೆತನ ಅಲ್ಲಿಂದ ಹೋದ ಎಷ್ಟೋ ಕಾಲದ ನಂತರ ಕಟ್ಟಿದ್ದು. ಹಳೆಯ ಕಟ್ಟಡದ ಸ್ವಲ್ಪ ಗೋಡೆ, ಕಮಾನು ಅದರೊಳಗೆ ಸೇರಿಕೊಂಡಿವೆ. 1936ರಲ್ಲಿ ಕೆಡವಲು ಹೊರಟಾಗ ಊರಿನವರು ಉಳಿಸಿಕೊಂಡರು. 1977ರಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಬಂದು ನೋಡಿಹೋದರು.

ಹಾಗಾದರೆ ಜಾರ್ಜ್ ವಾಷಿಂಗ್ಟನ್ ಯಾವ ಶಾಖೆಯವರು?

ಲ್ಯಾಂಕಷೈರ್ ಶಾಖೆಯವರು. ಮನೆತನದ ಕಿರಿಯ ಮಕ್ಕಳಿಗೆ ಡರ್ಹಮ್‌ನಲ್ಲಿ ಜಮೀನಿನ ಪಾಲು ಸಿಗುವಂತಿರಲಿಲ್ಲ. ಇಂಗ್ಲೆಂಡಿನ ಪದ್ಧತಿಯಲ್ಲಿ ಹಿರಿಮಗನಿಗೇ ಎಲ್ಲ. ಕಿರಿಯವರು ಒಳ್ಳೆ ಮನೆತನದ ಹೆಣ್ಣನ್ನು ಮದುವೆಯಾಗಬೇಕು, ಇಲ್ಲವೇ ವ್ಯಾಪಾರ, ಸೈನ್ಯ, ಚರ್ಚು ಹಿಡಿಯಬೇಕು. ಈ ಹೆಸರು ಇಂಗ್ಲೆಂಡ್ ತುಂಬ ಅಲೆದಾಡಿದ್ದಕ್ಕೆ ಇದೇ ಮುಖ್ಯ ಕಾರಣ. ಒಂದು ಕವಲು ಪಶ್ಚಿಮಕ್ಕೆ ಹೋಗಿ ಲ್ಯಾಂಕಷೈರ್‌ನ ವಾರ್ಟನ್‌ನಲ್ಲಿ ನೆಲೆಸಿತು. ಅಲ್ಲಿನ ಚರ್ಚಿನಲ್ಲಿ ಮನೆತನದ ಲಾಂಛನ ಇವತ್ತಿಗೂ ಇದೆ.

ವಾರ್ಟನ್‌ನಿಂದ ಲಾರೆನ್ಸ್ ವಾಷಿಂಗ್ಟನ್ ಎಂಬವನು ನಾರ್ಥಾಂಪ್ಟನ್‌ಗೆ ಬಂದ. ಉಣ್ಣೆ ವ್ಯಾಪಾರಿ. ಆಗ ಇಂಗ್ಲೆಂಡಿನಲ್ಲಿ ದುಡ್ಡು ಇದ್ದಿದ್ದೇ ಕುರಿಯ ಉಣ್ಣೆಯಲ್ಲಿ. 1532ರಲ್ಲಿ ಮತ್ತು 1545ರಲ್ಲಿ ಅವನು ಊರಿನ ಮೇಯರ್ ಆದ. ಆ ನಡುವೆ ದೊರೆ ಎಂಟನೇ ಹೆನ್ರಿ ಕ್ರೈಸ್ತ ಮಠಗಳನ್ನು ಮುಚ್ಚಿಸಿ ಅವುಗಳ ಜಮೀನನ್ನು ಮಾರಾಟಕ್ಕೆ ಇಟ್ಟ. ಲಾರೆನ್ಸ್ 1539ರಲ್ಲಿ ಸಲ್‌ಗ್ರೇವ್ ಎಂಬ ಹಳ್ಳಿಯ ಮಠದ ಜಮೀನನ್ನು 324 ಪೌಂಡ್ 14 ಶಿಲ್ಲಿಂಗ್ 10 ಪೆನ್ಸ್‌ಗೆ ಕೊಂಡು ಮನೆ ಕಟ್ಟಿಸಿದ. ಮಠದವರ ಆಸ್ತಿ ವ್ಯಾಪಾರಿಗಳ ಕೈಗೆ ಬಂದು ಅವರೆಲ್ಲ ಏಕಾಏಕಿ ದೊಡ್ಡ ಮನುಷ್ಯರಾದ ಕಾಲ ಅದು. ವಾಷಿಂಗ್ಟನ್‌ರೂ ಆ ಸಾಲಿನಲ್ಲಿ ಒಬ್ಬರು, ಅಷ್ಟೇ. ಪುರಾತನ ರಾಜಮನೆತನ ಎಂಬ ಕಥೆ ಕಟ್ಟುವವರು ಈ ಭಾಗವನ್ನು ಸುಮ್ನೆ ದಾಟಿಬಿಡುತ್ತಾರೆ.

ಮೂರನೇ ತಲೆಮಾರಿಗೆ ಹಣ ಕರಗಿತು. 1610ರಲ್ಲಿ ಸಲ್‌ಗ್ರೇವ್ ಬಂಧುವೊಬ್ಬನಿಗೆ ಮಾರಾಟವಾಯಿತು.

ಅಮೆರಿಕದ ಬಾವುಟ ಈ ಮನೆತನದ ಲಾಂಛನದಿಂದ ಬಂದಿದೆಯಂತೆ, ನಿಜವೇ?

ಲಾಂಛನದಲ್ಲಿ ಬಿಳಿ ಹಿನ್ನೆಲೆ, ಎರಡು ಕೆಂಪು ಪಟ್ಟಿ, ಮೇಲೆ ಮೂರು ಕೆಂಪು ನಕ್ಷತ್ರಗಳಿವೆ. ನೋಡಿದರೆ ಹಾಗನ್ನಿಸುವುದು ಸಹಜ. ಆದರೆ 1777ರಲ್ಲಿ ಬಾವುಟ ಒಪ್ಪಿದವರು ಯಾರೂ ಹಾಗೆ ಹೇಳಿಲ್ಲ. ಈ ಕಥೆ 19ನೇ ಶತಮಾನದಲ್ಲಿ ಹಬ್ಬಿದ್ದು. ನಿಜವಾಗಿ ಈ ಲಾಂಛನದಿಂದ ಬಂದ ಬಾವುಟ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯದು. 1938ರಲ್ಲಿ ಅದನ್ನು ಹಾಗೆಯೇ ಎತ್ತಿಕೊಂಡರು.

ಮನೆತನ ಇಂಗ್ಲೆಂಡ್ ಬಿಟ್ಟಿದ್ದು ಏಕೆ?

ಅಂತರ್ಯುದ್ಧದಲ್ಲಿ ಸೋತ ಪಕ್ಷದಲ್ಲಿದ್ದುದರಿಂದ. ಸಲ್‌ಗ್ರೇವ್ ಲಾರೆನ್ಸ್‌ನ ವಂಶದಲ್ಲಿ ಅದೇ ಹೆಸರಿನ ಇನ್ನೊಬ್ಬ ಲಾರೆನ್ಸ್ ಹುಟ್ಟಿದ. (ಈ ಮನೆತನದಲ್ಲಿ ಲಾರೆನ್ಸ್, ಜಾನ್, ಇವೆರಡು ಹೆಸರು ಬಿಟ್ಟರೆ ಬೇರೆ ಗೊತ್ತೇ ಇರಲಿಲ್ಲವೇನೋ ಅನ್ನಿಸುತ್ತದೆ. ವಂಶವೃಕ್ಷ ಓದುವವರ ತಲೆ ಗಿರ್ ಎನ್ನುತ್ತದೆ.) ಆತ ಆಕ್ಸ್‌ಫರ್ಡ್‌ನ ಬ್ರೇಸ್‌ನೋಸ್ ಕಾಲೇಜಿನಲ್ಲಿ ಫೆಲೋ ಆಗಿದ್ದು, ಆಮೇಲೆ ಎಸೆಕ್ಸ್‌ನ ಪರ್ಲೀ ಎಂಬಲ್ಲಿ ಪಾದ್ರಿಯಾದ. ಒಳ್ಳೆ ಆದಾಯದ ಚರ್ಚು.

ರಾಜ ಒಂದನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾದಾಗ ವಾಷಿಂಗ್ಟನ್‌ರು ರಾಜನ ಕಡೆ. ಹೆನ್ರಿ ವಾಷಿಂಗ್ಟನ್ ಎಂಬ ಬಂಧು 1646ರಲ್ಲಿ ವೂಸ್ಟರ್ ಪಟ್ಟಣವನ್ನು ರಾಜನಿಗಾಗಿ ಕೊನೆಯವರೆಗೂ ಕಾದ. ಪಾದ್ರಿ ಲಾರೆನ್ಸ್‌ನನ್ನು ಪಾರ್ಲಿಮೆಂಟಿನವರು 1643ರಲ್ಲೇ ಕೆಲಸದಿಂದ ತೆಗೆದಿದ್ದರು. ಕೊಟ್ಟ ಕಾರಣ: ಸದಾ ಹೆಂಡದಂಗಡಿಯಲ್ಲಿ ಬಿದ್ದಿರುತ್ತಾನೆ. ಆ ಕಾಲದಲ್ಲಿ ರಾಜನಿಷ್ಠ ಪಾದ್ರಿಗಳನ್ನು ಓಡಿಸಲು ಇಂಥ ಆರೋಪ ಬಹಳ ಜನರ ಮೇಲೆ ಹೊರಿಸಿದ್ದರು, ಹಾಗಾಗಿ ನಾನು ಇದನ್ನು ಅಷ್ಟಾಗಿ ನಂಬುವುದಿಲ್ಲ. ಅವನು ಬಡತನದಲ್ಲೇ 1653ರಲ್ಲಿ ತೀರಿಕೊಂಡ. ಮಗ ಜಾನ್‌ಗೆ ಊರಿನಲ್ಲಿ ಉಳಿಯಲು ಜಮೀನೂ ಇರಲಿಲ್ಲ, ಬೆನ್ನಿಗೆ ನಿಲ್ಲುವ ದೊಡ್ಡವರೂ ಇರಲಿಲ್ಲ.

ಮುಂದೆ ಇದೇ ವಂಶದವನು ಇಂಗ್ಲೆಂಡಿನ ರಾಜನ ವಿರುದ್ಧ ಸೈನ್ಯ ನಡೆಸಿದ ಎನ್ನುವುದು ಇತಿಹಾಸದ ಕುಚೋದ್ಯ.

ಜಾನ್ ಅಮೆರಿಕದಲ್ಲಿ ಹೇಗೆ ನೆಲೆಯೂರಿದ?

ಅವನು ವಲಸೆ ಹೋಗಲೆಂದು ಹೋದವನಲ್ಲ. 'ಸೀ ಹಾರ್ಸ್' ಎಂಬ ವ್ಯಾಪಾರದ ಹಡಗಿನಲ್ಲಿ ಕೆಲಸಕ್ಕೆ ಸೇರಿ ವರ್ಜೀನಿಯಾಕ್ಕೆ ಬಂದ. ಹೊಗೆಸೊಪ್ಪು ತುಂಬಿಕೊಂಡು ವಾಪಸ್ ಹೊರಟಾಗ, 1657ರ ಆರಂಭದಲ್ಲಿ, ಹಡಗು ಪೊಟೋಮ್ಯಾಕ್ ನದಿಯಲ್ಲಿ ನೆಲ ಕಚ್ಚಿತು. ಸರಕು ಹಾಳಾಯಿತು. ಹಡಗು ರಿಪೇರಿಯಾಗುವ ಹೊತ್ತಿಗೆ ಜಾನ್‌ಗೆ ನಥಾನಿಯೆಲ್ ಪೋಪ್ ಎಂಬ ಜಮೀನುದಾರನ ಪರಿಚಯವಾಗಿತ್ತು. ಅವನ ಮಗಳು ಆ್ಯನ್‌ಳನ್ನು ಮದುವೆಯಾದ. ಮಾವ 700 ಎಕರೆ ಕೊಟ್ಟ. ಮತ್ತೆ ಅದೇ: ನೆಲ ಸಿಕ್ಕ ಕಡೆ ಹೆಸರು ನಿಂತಿತು.

ಉಳಿದಿದ್ದನ್ನು ವರ್ಜೀನಿಯಾದ ಕಾಯಿದೆ ಮಾಡಿತು. ಒಬ್ಬ ಆಳನ್ನು ಹಡಗಿನ ಖರ್ಚು ಕೊಟ್ಟು ಕರೆಸಿದರೆ ತಲೆಗೆ 50 ಎಕರೆ ಸಿಗುತ್ತಿತ್ತು. ಜಾನ್ ಹೀಗೆ ಸಾವಿರಾರು ಎಕರೆ ಕೂಡಿಹಾಕಿದ. ಆದರೆ ಆ ನೆಲ ಖಾಲಿ ಇರಲಿಲ್ಲ. 1675ರಲ್ಲಿ ಸಸ್ಕ್ವೆಹನ್ನಕ್ ಜನರ ಮೇಲೆ ದಂಡೆತ್ತಿ ಹೋದವರಲ್ಲಿ ಅವನೂ ಇದ್ದ. ಅಲ್ಲಿನ ಮೂಲನಿವಾಸಿಗಳು ಅವನಿಗೆ 'ಕೊನೊಟೊಕೇರಿಯಸ್' ಎಂದು ಹೆಸರಿಟ್ಟರು. ಊರು ನುಂಗುವವನು ಎಂದರ್ಥ. ಎಂಬತ್ತು ವರ್ಷದ ಮೇಲೂ ಅವರು ಅದನ್ನು ಮರೆತಿರಲಿಲ್ಲ, ಮರಿಮಗ ಜಾರ್ಜ್‌ನನ್ನೂ ಅದೇ ಹೆಸರಿನಿಂದ ಕರೆದರು. 1779ರಲ್ಲಿ ಜಾರ್ಜ್ ಕಳಿಸಿದ ಸೈನ್ಯ ಇರೊಕ್ವಾ ಜನರ ಊರುಗಳನ್ನು ಸುಟ್ಟಿತು, ಆ ಹೆಸರು ಅಲ್ಲಿಗೆ ಗಟ್ಟಿಯಾಯಿತು.

ಜಾರ್ಜ್‌ಗೆ ತನ್ನ ಇಂಗ್ಲಿಷ್ ಮೂಲ ಗೊತ್ತಿತ್ತೇ?

ಅಷ್ಟಕ್ಕಷ್ಟೇ. ಲಂಡನ್ನಿನಲ್ಲಿ ಲಾಂಛನಗಳ ಮುಖ್ಯ ಅಧಿಕಾರಿಯಾಗಿದ್ದ ಐಸಾಕ್ ಹರ್ಡ್ 1790ರ ದಶಕದ ಆರಂಭದಲ್ಲಿ ಪತ್ರ ಬರೆದು ವಂಶಾವಳಿ ಕೇಳಿದ. ಈ ವಿಷಯಕ್ಕೆ ತಾನು ಹೆಚ್ಚು ಗಮನ ಕೊಟ್ಟಿಲ್ಲ, ಪೂರ್ವಿಕರು ಉತ್ತರದ ಯಾವುದೋ ಕೌಂಟಿಯಿಂದ ಬಂದರೆಂದು ಕೇಳಿದ್ದೇನೆ ಎಂಬರ್ಥದ ಉತ್ತರ ಹೋಯಿತು. ಹರ್ಡ್ ಕಟ್ಟಿದ ವಂಶವೃಕ್ಷದಲ್ಲಿ ತಪ್ಪಾದ ಜಾನ್ ಕೂತಿದ್ದ. ಆ ತಪ್ಪು ದಶಕಗಟ್ಟಲೆ ಪುಸ್ತಕದಿಂದ ಪುಸ್ತಕಕ್ಕೆ ನಡೆಯಿತು. ಪರ್ಲೀ ಪಾದ್ರಿಯೇ ಸರಿಯಾದ ಕೊಂಡಿ ಎಂದು ಹೆನ್ರಿ ವಾಟರ್ಸ್ ಎಂಬ ಅಮೆರಿಕದ ಸಂಶೋಧಕರು ಹಳೆಯ ಉಯಿಲುಗಳನ್ನು ಜಾಲಾಡಿ 1889ರಲ್ಲಿ ತೋರಿಸಿದರು. ಅಧ್ಯಕ್ಷನ ವಂಶಕ್ಕೇ ಇಷ್ಟು ಕಷ್ಟವಾದರೆ, ಉಳಿದವರು ಆನ್‌ಲೈನ್‌ನಲ್ಲಿ ಸಿಕ್ಕ ವಂಶವೃಕ್ಷವನ್ನು ಎಷ್ಟು ನಂಬಬಹುದು ನೀವೇ ಯೋಚಿಸಿ.

ಜಾರ್ಜ್‌ನ ನೇರ ವಂಶಜರು ಈಗ ಇದ್ದಾರೆಯೇ?

ಇಲ್ಲ, ಆತನಿಗೆ ಮಕ್ಕಳಿರಲಿಲ್ಲ. ಮನೆತನ ಮುಂದುವರಿದಿದ್ದು ಅಣ್ಣತಮ್ಮಂದಿರ ಮೂಲಕ. ಜಾರ್ಜ್‌ನ ಮೌಂಟ್ ವೆರ್ನನ್ ಎಸ್ಟೇಟ್ ತಮ್ಮನ ಮಗ ಬುಷ್‌ರಾಡ್ ವಾಷಿಂಗ್ಟನ್‌ಗೆ ಹೋಯಿತು. ಆತ ಸುಪ್ರೀಂ ಕೋರ್ಟ್ ನ್ಯಾಯಾಧೀಶ. 1858ರಲ್ಲಿ ಮನೆತನದವರು ಅದನ್ನು ಮಹಿಳೆಯರ ಸಂಘವೊಂದಕ್ಕೆ 2 ಲಕ್ಷ ಡಾಲರ್‌ಗೆ ಮಾರಿದರು. ಇವತ್ತಿಗೂ ಅದು ಅವರದೇ ಉಸ್ತುವಾರಿಯಲ್ಲಿದೆ.

ಅಮೆರಿಕದಲ್ಲಿ ಈಗ ಈ ಹೆಸರಿನವರಲ್ಲಿ ಹೆಚ್ಚಿನವರು ಕಪ್ಪು ಜನರೇ ಏಕೆ?

ನನ್ನ ಮಟ್ಟಿಗೆ ಈ ಹೆಸರಿನ ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. 2000ದ ಜನಗಣತಿಯಲ್ಲಿ ವಾಷಿಂಗ್ಟನ್ ಸರ್‌ನೇಮ್ ಇದ್ದವರು 1,63,036. ಅವರಲ್ಲಿ ಸುಮಾರು 90% ಆಫ್ರಿಕನ್ ಅಮೆರಿಕನ್ನರು. ಇನ್ನೊಬ್ಬ ಅಧ್ಯಕ್ಷ ಜೆಫರ್ಸನ್‌ನ ಹೆಸರಿನವರಲ್ಲಿ ಇದು ಸುಮಾರು 75%. ಈ ಪ್ರಮಾಣದ ವಿಷಯದಲ್ಲಿ ವಾಷಿಂಗ್ಟನ್‌ನ ಹತ್ತಿರಕ್ಕೆ ಬರುವ ಸಾಮಾನ್ಯ ಇಂಗ್ಲಿಷ್ ಹೆಸರು ಸಿಗುವುದೇ ಕಷ್ಟ.

'ಜಾರ್ಜ್‌ನ ಗುಲಾಮರ ವಂಶದವರು' ಎಂದು ಥಟ್ಟನೆ ಉತ್ತರ ಬರುತ್ತದೆ. ಲೆಕ್ಕ ಕೂಡುವುದಿಲ್ಲ. 1799ರಲ್ಲಿ ಜಾರ್ಜ್ ಸತ್ತಾಗ ಮೌಂಟ್ ವೆರ್ನನ್‌ನಲ್ಲಿ 317 ಜನ ಗುಲಾಮರಿದ್ದರು. ಅವರಲ್ಲಿ ಅವನ ಸ್ವಂತದವರು 123. ಉಯಿಲಿನಲ್ಲಿ ಬಿಡುಗಡೆಯಾಗಿದ್ದು ಇವರಷ್ಟೇ. ಮನೆತನದ ಇತರ ಶಾಖೆಗಳಿಗೂ ಗುಲಾಮರಿದ್ದರು, ನಿಜ. ಹಾಗಿದ್ದರೂ ಇಷ್ಟು ದೊಡ್ಡ ಸಂಖ್ಯೆಗೆ ಅದು ಸಾಲದು. ಜೊತೆಗೆ, ಬಿಡುಗಡೆಯಾದವರೆಲ್ಲ ಒಡೆಯನ ಹೆಸರನ್ನೇ ಇಟ್ಟುಕೊಂಡರು ಎಂಬುದೂ ತಪ್ಪು ತಿಳಿವಳಿಕೆ. ಎಷ್ಟೋ ಜನ ಬೇಕೆಂದೇ ಬೇರೆ ಹೆಸರು ಆರಿಸಿದರು. ಕೆಲವರಿಗೆ ಒಡೆಯನಿಗೆ ಗೊತ್ತಿಲ್ಲದ ಹಾಗೆ ತಮ್ಮವರೊಳಗೇ ಬಳಸುವ ಮನೆತನದ ಹೆಸರು ಮೊದಲೇ ಇತ್ತು.

1865ರಲ್ಲಿ ಗುಲಾಮಗಿರಿ ಮುಗಿಯಿತು. ಸುಮಾರು 40 ಲಕ್ಷ ಜನ ಶಾಲೆಗೆ ಸೇರಲು, ಕೂಲಿ ಕರಾರಿಗೆ, ಮದುವೆ ನೋಂದಣಿಗೆ, ಬ್ಯಾಂಕಿಗೆ ಎಂದು ಪೂರ್ತಿ ಹೆಸರು ಹೇಳಬೇಕಾಯಿತು. ಎಲ್ಲರೂ ಕೇಳಿದ್ದ, ದೇಶಕ್ಕೆಲ್ಲ ಮರ್ಯಾದೆಯಿದ್ದ ಹೆಸರು ವಾಷಿಂಗ್ಟನ್. ಇನ್ನೊಂದು ಕಡೆ, ಬಿಳಿಯರಲ್ಲಿ ಈ ಹೆಸರು ಮೊದಲಿನಿಂದಲೂ ವಿರಳ. ಹಾಗಾಗಿ ಪ್ರಮಾಣ ಇಷ್ಟು ಒಂದೇ ಕಡೆಗೆ ವಾಲಿತು.

ಬುಕರ್ ಟಿ. ವಾಷಿಂಗ್ಟನ್ ಅವರ ಕಥೆ ನೋಡಿ. ಗುಲಾಮರಾಗಿ ಹುಟ್ಟಿದ ಅವರು ಮುಂದೆ ಟಸ್ಕೀಗಿ ವಿದ್ಯಾಸಂಸ್ಥೆ ಕಟ್ಟಿದವರು. ಶಾಲೆಯ ಮೊದಲ ದಿನ ಹಾಜರಿ ಕೂಗುವಾಗ ಉಳಿದ ಮಕ್ಕಳಿಗೆಲ್ಲ ಎರಡೆರಡು ಹೆಸರು, ಇವರಿಗೆ ಬರೀ ಬುಕರ್. ತಮ್ಮ ಸರದಿ ಬರುವಷ್ಟರಲ್ಲಿ ಯೋಚಿಸಿ 'ಬುಕರ್ ವಾಷಿಂಗ್ಟನ್' ಎಂದುಬಿಟ್ಟರಂತೆ. ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಮಲತಂದೆಯ ಹೆಸರು ವಾಷಿಂಗ್ಟನ್ ಫರ್ಗ್ಯುಸನ್. ಅಂದರೆ ಅವರ ಮನೆಯಲ್ಲಿ ಅದು ಸರ್‌ನೇಮ್ ಕೂಡ ಅಲ್ಲ, ಮೊದಲ ಹೆಸರು!

ಆಫ್ರಿಕಾಕ್ಕೆ ಹೋದ ವಾಷಿಂಗ್ಟನ್ ಯಾರು?

ಹ್ಯಾರಿ ವಾಷಿಂಗ್ಟನ್. ಗ್ಯಾಂಬಿಯಾ ಸೀಮೆಯಲ್ಲಿ ಹುಟ್ಟಿದವನು. 1763ರಲ್ಲಿ ಜಾರ್ಜ್ ಅವನನ್ನು ಕೊಂಡ. 1771ರಲ್ಲಿ ತಪ್ಪಿಸಿಕೊಂಡು ಓಡಿದ, ಹಿಡಿದು ತಂದರು. 1776ರಲ್ಲಿ ಮತ್ತೆ ಓಡಿದ, ಈ ಸಲ ಸಿಗಲಿಲ್ಲ. ಬ್ರಿಟಿಷರ ಕಡೆ ಸೇರುವ ಗುಲಾಮರಿಗೆ ಬಿಡುಗಡೆ ಎಂದು ವರ್ಜೀನಿಯಾದ ಗವರ್ನರ್ ಡನ್‌ಮೋರ್ ಸಾರಿದ್ದ. ಒಡೆಯ ಒಂದು ಸೈನ್ಯದ ಸೇನಾಪತಿ, ಓಡಿಹೋದವನು ಎದುರು ಸೈನ್ಯದಲ್ಲಿ ಕಾರ್ಪೊರಲ್.

ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿದ ಮೇಲೆ, 1783ರಲ್ಲಿ, ನ್ಯೂಯಾರ್ಕ್‌ನಿಂದ ಹಡಗು ಹತ್ತಿ ಕೆನಡಾದ ನೋವಾ ಸ್ಕೋಶಿಯಾಕ್ಕೆ ಹೋದ. ಅಲ್ಲಿ ಚಳಿ, ಕೆಟ್ಟ ಜಮೀನು, ಬಿಳಿಯರ ಕಾಟ. 1792ರಲ್ಲಿ ಸುಮಾರು 1,200 ಜನರ ಜೊತೆ ಸಿಯೆರಾ ಲಿಯೋನಿನ ಫ್ರೀಟೌನ್‌ಗೆ ಬಂದ. ಅಲ್ಲಿ ಬ್ರಿಟಿಷ್ ಕಂಪನಿ ಜಮೀನಿಗೆ ಕಂದಾಯ ಹಾಕಿದಾಗ 1800ರಲ್ಲಿ ದಂಗೆ ಎದ್ದಿತು. ಹ್ಯಾರಿಯೂ ದಂಗೆಕೋರರಲ್ಲಿ ಒಬ್ಬ. ಅವನನ್ನು ಗಡಿಪಾರು ಮಾಡಿದರು. ತೆರಿಗೆ ವಿರುದ್ಧ ದಂಗೆ ಎದ್ದ ಒಬ್ಬ ವಾಷಿಂಗ್ಟನ್ ಅಧ್ಯಕ್ಷನಾದ, ಇನ್ನೊಬ್ಬ ವಾಷಿಂಗ್ಟನ್ ಗಡಿಪಾರಾದ. ಹ್ಯಾರಿಯ ಹೆಸರು ಶಾಲೆಯ ಪುಸ್ತಕಗಳಲ್ಲಿ ಇನ್ನೂ ಜಾಸ್ತಿ ಬರಬೇಕು ಎಂದು ನನ್ನ ಅನಿಸಿಕೆ.

20ನೇ ಶತಮಾನದಲ್ಲಿ ಈ ಹೆಸರು ಎತ್ತ ಹೋಯಿತು?

ದಕ್ಷಿಣದ ಹತ್ತಿ ಹೊಲಗಳಿಂದ ಉತ್ತರದ ಕಾರ್ಖಾನೆ ನಗರಗಳಿಗೆ. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟರು. ಅವರ ಜೊತೆ ಹೆಸರೂ ಷಿಕಾಗೋ, ಡೆಟ್ರಾಯಿಟ್, ನ್ಯೂಯಾರ್ಕ್ ಸೇರಿತು. 1983ರಲ್ಲಿ ಹೆರಾಲ್ಡ್ ವಾಷಿಂಗ್ಟನ್ ಷಿಕಾಗೋದ ಮೊದಲ ಕಪ್ಪು ಮೇಯರ್ ಆದರು. ಅದಕ್ಕೂ ಮೊದಲೇ ವಾಲ್ಟರ್ ವಾಷಿಂಗ್ಟನ್ ಎಂಬವರು ವಾಷಿಂಗ್ಟನ್ ನಗರಕ್ಕೇ ಮೇಯರ್ ಆಗಿದ್ದರು. ನಟ ಡೆನ್ಜೆಲ್ ವಾಷಿಂಗ್ಟನ್ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಮೌಂಟ್ ವೆರ್ನನ್ ಎಂಬ ಊರಿನಲ್ಲಿ. ಜಾರ್ಜ್‌ನ ಎಸ್ಟೇಟಿನ ಹೆಸರನ್ನೇ ಆ ಊರಿಗೆ ಇಟ್ಟಿದ್ದಾರೆ.

ಲ್ಯಾಟಿನ್ ಅಮೆರಿಕದಲ್ಲಿ ಇದು ಮೊದಲ ಹೆಸರಾಗಿ ಓಡುತ್ತದೆ. 1926ರಿಂದ 1930ರವರೆಗೆ ಬ್ರೆಜಿಲ್ ಆಳಿದ ಅಧ್ಯಕ್ಷ ವಾಷಿಂಗ್ಟನ್ ಲೂಯಿಸ್. ಇನ್ನು ಫಿಲ್ಟರ್ ಕಾಫಿ ಪ್ರಿಯರು ಕ್ಷಮಿಸಬೇಕು, ಅಮೆರಿಕದಲ್ಲಿ ಇನ್‌ಸ್ಟಂಟ್ ಕಾಫಿಯನ್ನು ದೊಡ್ಡ ಪ್ರಮಾಣದಲ್ಲಿ ಮಾರಿದ ಮೊದಲಿಗನ ಹೆಸರೂ ಜಾರ್ಜ್ ವಾಷಿಂಗ್ಟನ್ನೇ! ಬೆಲ್ಜಿಯಂನಲ್ಲಿ ಹುಟ್ಟಿದವನು, ತಂದೆ ಇಂಗ್ಲಿಷ್‌ನವನು.

ಕರ್ನಾಟಕಕ್ಕೂ ಈ ಮನೆತನಕ್ಕೂ ಏನಾದರೂ ನಂಟಿದೆಯೇ?

ಮನೆತನಕ್ಕಲ್ಲ, ಅದಕ್ಕೆ ಸೋತವನಿಗೆ ಇದೆ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಜಾರ್ಜ್‌ಗೆ ಶರಣಾದ ಲಾರ್ಡ್ ಕಾರ್ನ್‌ವಾಲಿಸ್ ಐದು ವರ್ಷದ ನಂತರ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದವನು, ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡವನು ಅವನೇ.

ಈ ಹೆಸರಿನವರು ತಮ್ಮ ಮೂಲ ಹುಡುಕುವುದು ಹೇಗೆ?

ಇಂಗ್ಲೆಂಡಿನಲ್ಲಿ ಬೇರಿದ್ದರೆ ಕೆಲಸ ಸ್ವಲ್ಪ ಸುಲಭ. 1538ರಿಂದ ಅಲ್ಲಿನ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕಿತ್ತು. ಅದಕ್ಕೂ ಹಿಂದಕ್ಕೆ ಉಯಿಲು, ಜಮೀನಿನ ಪತ್ರಗಳೇ ಗತಿ. ಹೆಸರಿನ ಕಾಗುಣಿತ ನಂಬಬೇಡಿ. ವೆಸ್ಸಿಂಗ್ಟನ್, ವಾಸಿಂಗ್ಟನ್, ವೆಷಿಂಗ್ಟನ್, ಎಲ್ಲವನ್ನೂ ಹುಡುಕಬೇಕು.

ಆಫ್ರಿಕನ್ ಅಮೆರಿಕನ್ ಕುಟುಂಬಗಳಿಗೆ 1870ರಲ್ಲಿ ಒಂದು ಗೋಡೆ ಎದುರಾಗುತ್ತದೆ. ಆ ವರ್ಷದ ಜನಗಣತಿಯಲ್ಲೇ ಮೊದಲ ಬಾರಿಗೆ ದಕ್ಷಿಣದ ಹೆಚ್ಚಿನ ಕಪ್ಪು ಜನರ ಪೂರ್ತಿ ಹೆಸರು ಕಾಣುವುದು. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿದೆ. ಕೆಳಗೆ ವಯಸ್ಸು, ಹೆಣ್ಣು, ಗಂಡು, ಬಣ್ಣ. ಬಹುಪಾಲು ಕಡೆ ಹೆಸರೇ ಇಲ್ಲ. ಈ ಗೋಡೆ ದಾಟಲು ಎರಡು ದಾಖಲೆ ಕೆಲಸಕ್ಕೆ ಬರುತ್ತವೆ. ಒಂದು, ಬಿಡುಗಡೆಯಾದ ಗುಲಾಮರ ನೆರವಿಗೆ ಸರ್ಕಾರ ತೆರೆದಿದ್ದ ಫ್ರೀಡ್‌ಮೆನ್ಸ್ ಬ್ಯೂರೋ ಎಂಬ ಇಲಾಖೆಯ ಕಡತಗಳು. ಇನ್ನೊಂದು, ಅವರಿಗಾಗಿಯೇ 1865ರಿಂದ 1874ರವರೆಗೆ ನಡೆದ ಫ್ರೀಡ್‌ಮನ್ಸ್ ಬ್ಯಾಂಕಿನ ಖಾತೆ ಪುಸ್ತಕಗಳು. ಬ್ಯಾಂಕು ಮುಳುಗಿ ಎಷ್ಟೋ ಬಡವರ ಉಳಿತಾಯ ಹೋಯಿತು. ಆದರೆ ಖಾತೆ ತೆರೆಯುವಾಗ ತಂದೆ, ತಾಯಿ, ಒಡಹುಟ್ಟಿದವರ ಹೆಸರು, ಹುಟ್ಟಿದ ಊರು, ಕೆಲವೊಮ್ಮೆ ಹಿಂದಿನ ಒಡೆಯನ ಹೆಸರನ್ನೂ ಕೇಳಿ ಬರೆದುಕೊಂಡಿದ್ದರು. ಹುಡುಕಾಟವನ್ನು ಅಲ್ಲಿಂದಲೇ ಶುರು ಮಾಡಿ. ಒಡೆಯನ ಹೆಸರು ಸಿಕ್ಕರೆ ಅವನ ಉಯಿಲು, ಆಸ್ತಿ ಪಟ್ಟಿ, ಸಾಲದ ಪತ್ರಗಳನ್ನು ಆಯಾ ಕೌಂಟಿಯ ಕೋರ್ಟಿನಲ್ಲಿ ತೆಗೆಸಿ ನೋಡಬೇಕು. ಆ ಹೆಸರು ವಾಷಿಂಗ್ಟನ್ ಆಗಿರುವ ಸಾಧ್ಯತೆ ಕಡಿಮೆ.